ನನ್ನ ಹೆಸರಿನ ಲಾಗಿನ್

ಮಾರ್ಚ್ 3, ಸೋಮವಾರ

ಲ್ಯಾಬ್ ಬಾಗಿಲು ತೆಗೆಯುವಷ್ಟರಲ್ಲೇ ಇಪ್ಪತ್ತು ಜನ. ಎಲ್ಲರೂ ಖಾಲಿ ಹೊಟ್ಟೆ, ಎಲ್ಲರಿಗೂ ಸಿಟ್ಟು. ಹಿರಿಯ ಟೆಕ್ನಿಷಿಯನ್ ಮಹದೇವಮ್ಮನವರ ಪಾಸ್‌ವರ್ಡ್ ಮತ್ತೆ ಲಾಕ್. ತಿಂಗಳಿಗೊಂದು ಹೊಸದು ಬೇಕಂತೆ — ದೊಡ್ಡಕ್ಷರ, ಅಂಕಿ, ಚುಕ್ಕಿ, ಮಣ್ಣು ಮಸಿ. ಬಿಡಿಸಿಕೊಡುವ ಐಟಿ ಮನೋಹರ್ ಬರುವುದು ಹನ್ನೊಂದಕ್ಕೆ.

"ನಿಂದೇ ಹಾಕ್ಕೊಡವ್ವ ಗೌತಮಿ, ಜನ ಕಾಯ್ತಾವ್ರೆ."

ದಿನಾ ಇದೇ ಪಾಡು. ಬೇಸತ್ತು ನನ್ನದನ್ನು ಚೀಟಿಯಲ್ಲಿ ಬರೆದೇ ಕೊಟ್ಟೆ. ಅವ್ವನ ಹೆಸರು, ಮುಂದೆ ಚುಕ್ಕಿ, 123. ನನಗೆ ಸೂಜಿ ಹಿಡಿಯಲು ಕಲಿಸಿದವರು ಅವರು. ಕೊಡಲ್ಲ ಅನ್ನುವುದು ಹೇಗೆ? ಕೊಡದಿದ್ದರೆ, ಅತ್ತೆ ಬಂದಾಗ ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗಾಗುತ್ತದೆ.

ಮಾರ್ಚ್ 7, ಶುಕ್ರವಾರ

ಮೆಷಿನ್ನಿಗೂ ಕಂಪ್ಯೂಟರಿಗೂ ಸಂಪರ್ಕ ಕಟ್. ಎಲ್ಲಾ ರಿಸಲ್ಟೂ ಕೈಯಲ್ಲೇ ಟೈಪ್. ನಾನು ಹತ್ತೂವರೆಗೆ ನಜರ್‌ಬಾದ್‌ಗೆ, ರೋಗಿಯೊಬ್ಬರ ಮನೆಗೇ ಹೋಗಿ ರಕ್ತ ತರಲು. ವಾಪಸ್ ಬನ್ನಿಮಂಟಪದ ಲ್ಯಾಬಿಗೆ ಬಂದಾಗ ಹನ್ನೆರಡೂವರೆ. ಮಹದೇವಮ್ಮನವರು ಒಬ್ಬರೇ ಎಲ್ಲ ಮುಗಿಸಿದ್ದರು. ಉಪ್ಪಿಟ್ಟು ನನಗೂ ಎತ್ತಿಟ್ಟಿದ್ದರು.

ಮಾರ್ಚ್ 11, ಮಂಗಳವಾರ



ವಿಜಯನಗರದ ಮೂಗಯ್ಯ ಅಂತ ಎಪ್ಪತ್ತು ವರ್ಷದವರು. ಶುಕ್ರವಾರ ಅವರ ಶುಗರ್ 112. ನಾವು ಕೊಟ್ಟ ರಿಪೋರ್ಟಿನಲ್ಲಿ 412. ಅದನ್ನು ನೋಡಿ ಡಾಕ್ಟರು ಇನ್ಸುಲಿನ್ ಏರಿಸಿದ್ದಾರೆ. ಶುಗರ್ ತೀರಾ ಇಳಿದು ಈಗ ಐಸಿಯುನಲ್ಲಿ, ಪ್ರಜ್ಞೆ ಇಲ್ಲ.

ಮ್ಯಾನೇಜರ್ ರುದ್ರಸ್ವಾಮಿ ಸ್ಕ್ರೀನ್ ತಿರುಗಿಸಿದರು. ಬೆಳಿಗ್ಗೆ 11.10. ಎಂಟ್ರಿ — ಗೌತಮಿ.

"ನಾನು ಆಗ ಹೊರಗಿದ್ದೆ ಸರ್."

"ಹಂಗಾದ್ರೆ ಪಾಸ್‌ವರ್ಡ್ ಯಾರ್ಗೆ ಕೊಟ್ಟಿದ್ರಿ? ಗುರುವಾರದೊಳಗೆ ಬರ್ದುಕೊಡಿ. ಒಬ್ರ ಕೆಲ್ಸವಂತೂ ಹೋಗುತ್ತೆ ಕಣ್ರೀ."

ಮಹದೇವಮ್ಮನವರು ಅಲ್ಲೇ ಟ್ಯೂಬ್ ಜೋಡಿಸುತ್ತಿದ್ದರು.

ಮಾರ್ಚ್ 12, ಬುಧವಾರ, ಮಧ್ಯಾಹ್ನ

ಮಹದೇವಮ್ಮನವರು ಕೈ ತೊಳೆಯುವ ಕಡೆ ಸಿಕ್ಕರು. ನಲ್ಲಿ ಜೋರಾಗಿ ಬಿಟ್ಟುಕೊಂಡು ಹೇಳಿದರು —

"ನಂಗೆ ರಿಟೈರ್‌ಮೆಂಟು ಇನ್ನೆರಡು ವರ್ಷ. ನಿಂಗೆ ಇಪ್ಪತ್ತಾರು. ಎಲ್ಲೋದ್ರೂ ಕೆಲ್ಸ ಸಿಗ್ತದೆ. ನೀನೇ ಒಪ್ಕೊಂಬುಡವ್ವ."

ಕೆನ್ನೆಗೆ ಬಾರಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ. ತಪ್ಪಾಯ್ತು ಅನ್ನಲಿಲ್ಲ. ಮೂಗಯ್ಯನವರು ಹೇಗಿದ್ದಾರೆ ಅಂತಲೂ ಕೇಳಲಿಲ್ಲ. ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ. ಎಷ್ಟು ಸಿಟ್ಟು ಅಂದರೆ, ನನ್ನ ಟೇಬಲ್ಲಿಗೆ ಬಂದದ್ದೇ ಪತ್ರ ಬರೆದೆ.

ಮಾರ್ಚ್ 13, ಗುರುವಾರ

ಪತ್ರ ಕೊಟ್ಟೆ. ಪಾಸ್‌ವರ್ಡ್ ಕೊಟ್ಟವಳು ನಾನು, 412 ಅಂತ ಹಾಕಿದವರು ಮಹದೇವಮ್ಮನವರು. ಎರಡನ್ನೂ ಬರೆದಿದ್ದೆ. ರುದ್ರಸ್ವಾಮಿ ಓದಿ, ಎಲ್ಲರನ್ನೂ ಕರೆಸಿ, ಹಾಳೆಯನ್ನು ಮಹದೇವಮ್ಮನವರ ಕೈಗೇ ಕೊಟ್ಟರು. "ಓದಿ, ಸುಳ್ಳಾದ್ರೆ ಹೇಳಿ."

ಹಿಡಿದುಕೊಂಡು ನಿಂತರು. ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿದರು. ಆಮೇಲೆ ನನ್ನ ಕಡೆ ಚಾಚಿದರು.

"ಅಕ್ಷರ ಸರ್ಯಾಗಿ ಕಾಣಕಿಲ್ಲ ಕಣವ್ವ. ವರ್ಷದ ಮೇಲಾಯ್ತು. ಹೇಳುದ್ರೆ ತೆಗೆದ್ಬುಡ್ತಾರೆ ಅಂತ… ಏನ್ ಬರ್ದಿದ್ದೀಯ, ನೀನೇ ಓದು."

ಕೀಲಿಮಣೆಯ ಅಂಕಿಯೇ ಸರಿಯಾಗಿ ಕಾಣದವರಿಗೆ ನಾನು ಚೀಟಿ ಬರೆದುಕೊಟ್ಟು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ಎಲ್ಲರೆದುರು ಓದತೊಡಗಿದೆ. ನನ್ನ ತಪ್ಪಿನ ಸಾಲು ಗಟ್ಟಿಯಾಗೇ ಓದಿದೆ. ಮುಂದಿನ ಸಾಲಿನಲ್ಲಿ ಅವರ ಹೆಸರು. ಅವರು ಕಿವಿಗೊಟ್ಟು, ನನ್ನ ಮುಖ ಇರುವ ಕಡೆಗೇ ನೋಡುತ್ತಾ ನಿಂತಿದ್ದರು. ನಾನು ಆ ಸಾಲನ್ನೂ ಅಷ್ಟೇ ಗಟ್ಟಿಯಾಗಿ ಓದಿ, ಹಾಳೆ ಮಡಚಿ ಅವರ ಕೈಗಿಟ್ಟೆ.