ಹೆಬಳೆಯ ಕುಸ್ತಿ ಹುಡುಗಿಯ ವಿರುದ್ಧ ನಾನು ಬರೆದ ಅರ್ಜಿ

ಮಾನ್ಯ ಕ್ರೀಡಾಧಿಕಾರಿಗಳೇ,

ಕಳೆದ ವರ್ಷ ನಾನು ನಿಮ್ಮ ಕಚೇರಿಗೆ ಕೊಟ್ಟ ದೂರನ್ನು ದಯವಿಟ್ಟು ಕಸದ ಬುಟ್ಟಿಗೆ ಹಾಕಿ. ಹುಡುಗ ಹುಡುಗಿಯರು ಪರಸ್ಪರ ಕುಸ್ತಿ ಆಡುವುದನ್ನು ನಿಲ್ಲಿಸಬೇಕೆಂದು ಅದರಲ್ಲಿ ಕೋರಿದ್ದೆ, ನೀವು ನಿಲ್ಲಿಸಿದಿರಿ. ನಿಮ್ಮ ಆದೇಶದಿಂದಾಗಿ ನಮ್ಮೂರು ಹೆಬಳೆಯ ವಿನುತಾ ಎಂಬ ಹದಿನೇಳು ವರ್ಷದ ಹುಡುಗಿಗೆ ಅಭ್ಯಾಸ ಮಾಡಲು ಒಬ್ಬ ಜೊತೆಯೂ ಇಲ್ಲದಂತಾಗಿದೆ. ಮುಂದಿನ ತಿಂಗಳು ಕ್ರೀಡಾ ವಸತಿನಿಲಯಕ್ಕೆ ಆಯ್ಕೆ ಇದೆ. ಹದಿನೆಂಟು ತುಂಬಿದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಅವಳಿಗೆ ಇದೇ ಕೊನೆಯ ಅವಕಾಶ.

ನಾನು ಭಟ್ಕಳದ ತಾಲೂಕು ಕಚೇರಿಯ ಎದುರು ಕುಳಿತು ಅರ್ಜಿ ಬರೆದುಕೊಡುವವ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ವಿಧವಾ ವೇತನ, ಪಕ್ಕದ ಮನೆಯ ಚಾವಣಿಗೆ ಬಾಗಿದ ತೆಂಗಿನಮರ, ಹೀಗೆ ಸಾವಿರಾರು ಬರೆದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಇಂದಿಗೂ 'ಪರಿಶೀಲನೆಯಲ್ಲಿವೆ'. ಹನ್ನೊಂದೇ ದಿನದಲ್ಲಿ ಆದೇಶವಾಗಿ ಹೊರಬಂದದ್ದು ಒಂದೇ ಒಂದು. ಅದು ನಾನು ಸ್ವಂತಕ್ಕೆ ಬರೆದದ್ದು, ಅದೂ ಶುದ್ಧ ತಪ್ಪು ಅರ್ಜಿ. ನಮ್ಮೂರಿನ ಕಣ್ಣು ಕಾಣದ ಹಮ್ಮಜ್ಜನ ಪಿಂಚಣಿಗೆ ನಾಲ್ಕು ವರ್ಷ ಬೇಕಾದ ವ್ಯವಸ್ಥೆಗೆ ಒಬ್ಬ ನಡುವಯಸ್ಸಿನ ಗಂಡಸಿನ ಮುಖಭಂಗ ಇಷ್ಟು ತುರ್ತಿನದಾಗಿ ಕಂಡದ್ದು ಹೇಗೆ ಸ್ವಾಮಿ? ಅಥವಾ ನಿಮ್ಮಲ್ಲೂ ಯಾರಾದರೂ ಯಾವಾಗಲಾದರೂ ಬಿದ್ದಿದ್ದರೇ?

ಮುಖಭಂಗದ ವಿವರ ದೂರಿನಲ್ಲಿ ಇರಲಿಲ್ಲ, ಈಗ ಹೇಳುತ್ತೇನೆ. ಗದ್ದೆ ಕೊಯ್ಲು ಮುಗಿದ ಮೇಲೆ ನಮ್ಮ ಯುವಕ ಮಂಡಳಿಯವರು ಕೊಯ್ದ ಗದ್ದೆಯಲ್ಲೇ ತಾಡಪಾಲು ಬಿಗಿದು, ಮೇಲೆ ದಪ್ಪಗೆ ಹುಲ್ಲು ಹಾಸಿ ಕುಸ್ತಿ ನಡೆಸುತ್ತಾರೆ. ಎಲ್ಲ ಮುಗಿದ ಮೇಲೆ ಗೆದ್ದವರ ಜೊತೆ ಮುಖ್ಯ ಅತಿಥಿ ಒಂದು ಸುತ್ತು ಕೈ ಹಿಡಿಯಬೇಕು, ಹಿಡಿದು ಬೀಳಬೇಕು. ಇದು ನಮ್ಮೂರ ಪದ್ಧತಿ. ಬಿದ್ದ ಅತಿಥಿಗೆ ಎಳನೀರು, ಗೆದ್ದವರಿಗೆ ಹಾರ, ಜನರಿಗೆ ನಗು. ಕಳೆದ ವರ್ಷ ಕರೆದಿದ್ದ ಅತಿಥಿ ಹೊನ್ನಾವರದಲ್ಲಿ ಮದುವೆಯೂಟಕ್ಕೆ ಹೋಗಿ ತಪ್ಪಿಸಿಕೊಂಡರು. ಬಿಳಿ ಅಂಗಿ ಹಾಕಿಕೊಂಡು ಎದುರಿಗೆ ಕುಳಿತಿದ್ದ ತಪ್ಪಿಗೆ ನನ್ನನ್ನು ವೇದಿಕೆಗೆ ಹತ್ತಿಸಿದರು. ಕಾಲೇಜಿನ ದಿನಗಳಲ್ಲಿ ನಾನು ಕುಸ್ತಿಯಲ್ಲಿ ತಾಲೂಕಿಗೆ ದ್ವಿತೀಯ ಎಂದು ಮೈಕಿನಲ್ಲಿ ಸಾರಿದರು. ಆ ವರ್ಷ ಸ್ಪರ್ಧಿಸಿದ್ದು ಇಬ್ಬರೇ ಎಂಬುದನ್ನು ನಾನೂ ಹೇಳಲಿಲ್ಲ.

ಆ ದಿನ ಐವತ್ತಮೂರು ಕಿಲೋ ವಿಭಾಗದಲ್ಲಿ ಗೆದ್ದವಳು ವಿನುತಾ. ಸುತ್ತಮುತ್ತ ಕುಸ್ತಿ ಆಡುವ ಇನ್ನೊಬ್ಬ ಹುಡುಗಿ ಇಲ್ಲದ್ದರಿಂದ ತನ್ನ ತೂಕದ ಹುಡುಗರ ಜೊತೆಗೇ ಆಡಿ ಕಲಿತವಳು. ಅಂದು ಮೂವರನ್ನು ಕೆಡವಿದ್ದಳು. ನನ್ನ ಎದುರಿಗೆ ಅವಳನ್ನೇ ನಿಲ್ಲಿಸಿದರು. ನನ್ನ ತೂಕ ಎಪ್ಪತ್ತೆಂಟು ಕಿಲೋ. ಅದರಲ್ಲಿ ಕುಸ್ತಿಗೆ ಸಂಬಂಧಪಟ್ಟದ್ದು ಎಷ್ಟು ಎಂಬುದನ್ನು ನನ್ನ ಹೆಂಡತಿ ಶರ್ಮಿಳಾಳನ್ನೇ ಕೇಳಬೇಕು. ಎದುರಿಗೆ ಹುಡುಗ ಇದ್ದಿದ್ದರೆ ಪದ್ಧತಿಯಂತೆ ನಗುನಗುತ್ತ ಬೀಳುತ್ತಿದ್ದೆ, ಎಳನೀರು ಕುಡಿದು ಮನೆಗೆ ಹೋಗುತ್ತಿದ್ದೆ. ಹುಡುಗಿಯ ಎದುರು ಬೀಳುವುದು ಹೇಗೆ? ಬೀಳಬಾರದೆಂದು ತೀರ್ಮಾನಿಸಿ, ಪಂಚೆ ಎತ್ತಿ ಕಟ್ಟಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ಅವಳಿಗೆ ಆಶ್ಚರ್ಯವಾಯಿತು. ಜನರಿಗೆ ಕೇಳದಂತೆ ಮೆಲ್ಲಗೆ ಕೇಳಿದಳು: "ಮಾವ, ನೀವು ಖರೇನೇ ಆಡ್ತ್ರಾ?"

"ಹೌದು" ಅಂದೆ. ಆಮೇಲೆ ನನಗೆ ಕಂಡದ್ದು ಆಕಾಶ.

ಎಂಟು ಸೆಕೆಂಡ್ ಆಗಿತ್ತಂತೆ. ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದು ಜಗಲಿಯಲ್ಲಿ ಕುಳಿತಿತ್ತು.

"ಎಂತ ಆತು? ಬಿದ್ರಂತೆ?" ಎಂದಳು ಶರ್ಮಿಳಾ.

"ಕಾಲು ಜಾರ್ತು."

"ಒಣ ಹುಲ್ಲು ಜಾರ್ತದಾ?"

ಉತ್ತರದ ಬದಲು ನಾನು ಪೆನ್ನು ತೆಗೆದೆ. "ಹೆಣ್ಣಿನ ಸಹಜ ಕೋಮಲತೆಗೆ ಧಕ್ಕೆ ತರುವ, ಯುವಕರ ಮನೋಸ್ಥೈರ್ಯವನ್ನು ಕುಂದಿಸುವ, ಸಭ್ಯ ಸಮಾಜ ತಲೆತಗ್ಗಿಸುವಂತಹ ಈ ಮಿಶ್ರ ಕುಸ್ತಿಯನ್ನು ತಕ್ಷಣ ನಿಷೇಧಿಸತಕ್ಕದ್ದು" ಎಂದು ಆ ರಾತ್ರಿಯೇ ಬರೆದೆ. ಈ ವಾಕ್ಯದಲ್ಲಿ ಯುವಕರು ಎಂದರೆ ನಲವತ್ತಾರು ವರ್ಷದ ನಾನು, ಸಭ್ಯ ಸಮಾಜ ಎಂದರೂ ನಾನೇ. ಸೋತ ಮೂವರು ಹುಡುಗರ ಮನೋಸ್ಥೈರ್ಯಕ್ಕೆ ಏನೂ ಆಗಿರಲಿಲ್ಲ. ಅವರು ಮರುದಿನ ಸಂಜೆ ಅವಳ ಹತ್ತಿರವೇ ಹೋಗಿ ಆ ಪಟ್ಟು ಹೇಗೆ ಹಾಕಿದೆ ಎಂದು ಕೇಳಿ ಕಲಿಯುತ್ತಿದ್ದರು.

ನೀವು ಅದನ್ನು ನಂಬಿದಿರಿ. "ಸಾರ್ವಜನಿಕರೊಬ್ಬರ ದೂರಿನ ಮೇರೆಗೆ" ಸ್ಪರ್ಧೆ ಮಾತ್ರವಲ್ಲ, ಅಭ್ಯಾಸವೂ ಕೂಡದು, ಮೀರಿದರೆ ಮಂಡಳಿಯ ಮಾನ್ಯತೆ ರದ್ದು ಎಂದು ಆದೇಶ ಬಂತು. ಅಭ್ಯಾಸದ ಮಾತನ್ನು ನಾನು ಎತ್ತಿಯೇ ಇರಲಿಲ್ಲ, ಅದು ನಿಮ್ಮ ಸ್ವಂತ ಔದಾರ್ಯ. ಅಂದಿನಿಂದ ವಿನುತಾ ಒಬ್ಬಳೇ ಗೋಣಿಚೀಲಕ್ಕೆ ಮರಳು ತುಂಬಿ ಅದನ್ನು ಎತ್ತಿ ಹಾಕುತ್ತಿದ್ದಾಳೆ. ಕುಮಟಾದಲ್ಲಿ ನಡೆದ ಕೂಟದಲ್ಲಿ ಅವಳ ತೂಕಕ್ಕೆ ಬೇರೆ ಹುಡುಗಿಯೇ ಇರಲಿಲ್ಲ. ಒಬ್ಬಳನ್ನೇ ನಿಲ್ಲಿಸಿ ಕೈ ಎತ್ತಿ ವಿಜೇತೆ ಎಂದರು. ಅದರ ಮುಂದಿನ ಕೂಟದಲ್ಲೂ ಅದೇ ಕತೆ. ಯಾರ ಮೈಯನ್ನೂ ಮುಟ್ಟದೆ ಎರಡು ಚಿನ್ನದ ಪದಕ ಗೆದ್ದ ಕುಸ್ತಿಪಟು ಅವಳು. ಇದಕ್ಕಿಂತ ಸಭ್ಯವಾದ ಕುಸ್ತಿ ಇನ್ನೆಲ್ಲಿದೆ ಹೇಳಿ. ರಾಜ್ಯ ಮಟ್ಟದಲ್ಲಿ ಎದುರಾಳಿ ಎಂಬುವಳು ನಿಜವಾಗಿ ಬಂದು ನಿಂತಾಗ ವಿನುತಾ ನಲವತ್ತು ಸೆಕೆಂಡಿನಲ್ಲಿ ಸೋತಳು.

ಇದನ್ನೆಲ್ಲ ನನಗೆ ಹೇಳಿದ್ದು ಅವಳ ತಾಯಿ ಮಾಲತಿ. ಮನೆಯ ಮಲ್ಲಿಗೆಯನ್ನು ಪೇಟೆಗೆ ತಂದುಕೊಟ್ಟು ಹೋಗುವಾಗ ನನ್ನ ಮೇಜಿನ ಎದುರು ಬಂದು ಕುಳಿತರು. ಆದೇಶ ಹಿಂತೆಗೆಯುವಂತೆ ಅರ್ಜಿ ಬರೆಯಬೇಕಿತ್ತು. "ಎದ್ರಿಗೆ ಜನ ಬಂದು ನಿಂತ್ರೆ ಎಂತ ಮಾಡೂದು ಅಂತನೇ ಮರ್ತೋಗಿತ್ತು ಅಂತ ಅಳ್ತದೆ ದುರ್ಗಪ್ಪಣ್ಣ. ಯಾರೋ ಹೊಟ್ಟೆಕಿಚ್ಚಿನವ ಬರ್ದು ಹಾಕಿದ್ದ ಅಂಬ್ರು. ನೀವು ಅವ್ನಿಗಿಂತ ಚೆಂದ ಮಾಡಿ ಬರೀರಿ" ಅಂದರು. ನಾನು ತಲೆ ತಗ್ಗಿಸಿ ಬರೆದುಕೊಟ್ಟೆ. ನನ್ನ ವಿರುದ್ಧ ನಾನೇ ಮೇಲ್ಮನವಿ ಬರೆದೆ, ಮತ್ತು ಸೋತೆ. ನಿಮ್ಮ ಉತ್ತರ ಬಂದಾಗ ಮಾಲತಿ ಅದನ್ನು ನನ್ನ ಹತ್ತಿರವೇ ತಂದು ಓದಿ ಹೇಳಿ ಎಂದರು. ಕಾರಣದ ಜಾಗದಲ್ಲಿ ನನ್ನದೇ ವಾಕ್ಯ ಇತ್ತು. ಕೋಮಲತೆ, ಮನೋಸ್ಥೈರ್ಯ, ಸಭ್ಯ ಸಮಾಜ, ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ. ಗಟ್ಟಿಯಾಗಿ ಓದಿದೆ.

"ಎಷ್ಟು ಚೆಂದ ಬರ್ದಿದ್ದ ಅಲ್ದಾ, ಪಾಪಿ" ಎಂದರು ಅವರು.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿದ್ದಿಲ್ಲ. "ಅದು ನಾನೇ ಮಾಲತಿ" ಎಂದೆ. ಅವರು ಬೈಯಲಿಲ್ಲ. ಖಾಲಿ ಬುಟ್ಟಿ ಎತ್ತಿಕೊಂಡರು. "ಹಂಗಾರೆ ನಾಳೆ ಸಂಜೆ ಗದ್ದೆಗೆ ಬನ್ನಿ. ಮಗ್ಳಿಗೆ ಜನ ಬೇಕು" ಎಂದು ಹೇಳಿ ಹೋದರು.

ಗದ್ದೆಗೆ ಹೋಗುವುದನ್ನು ಮೂರು ದಿನ ಮುಂದೂಡಿ ಇನ್ನೊಂದು ದಾರಿ ಹುಡುಕಿ ನೋಡಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಹೆಣ್ಣಿಗೆ ಹೆಣ್ಣೇ ಜೊತೆ ಸಿಕ್ಕಿದರೆ ನನ್ನ ಬೆನ್ನು ಉಳಿಯುತ್ತಿತ್ತು. ಹೊನ್ನಾವರದಲ್ಲಿ ವಿಚಾರಿಸಿದೆ, ಕುಮಟಾದಲ್ಲಿ ವಿಚಾರಿಸಿದೆ. ಸಂತೆಗುಳಿಯಲ್ಲಿ ಒಬ್ಬಳು ಗಟ್ಟಿ ಹುಡುಗಿ ಇದ್ದಾಳೆಂದು ಕೇಳಿ ಎರಡು ಬಸ್ ಬದಲಿಸಿ ಹೋದೆ. ಅವಳ ತಂದೆ ಚಹಾ ಕೊಟ್ಟು, "ನಮ್ಮ ಕೂಸು ಕುಸ್ತಿ ಆಡ್ತಿಲ್ಲೆ, ಗುಂಡು ಎಸೀತು" ಎಂದರು. ಗುಂಡು ತೋರಿಸಿದರು. ನಾನು ಚಹಾ ಕುಡಿದು ಬಂದೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಹಾಗಾದರೆ ಗಂಡಸರೂ ಹೆಂಗಸರೂ ಎಲ್ಲ ಪದಕಕ್ಕೂ ಒಟ್ಟಿಗೇ ಹೊಡೆದಾಡಬೇಕೇ? ಬೇಡ. ಇದನ್ನು ನಾನು ಸೋತ ಸಿಟ್ಟಿನಲ್ಲಿ ಹೇಳುತ್ತಿಲ್ಲ, ಅವಳ ಗುರು ಮೋಹನ ಮಾಸ್ತರರೇ ಹೇಳುತ್ತಾರೆ. ತೂಕ ಒಂದೇ ಇದ್ದರೂ ಬೆಳೆದ ಗಂಡಾಳಿನ ತೋಳಿನ ಬಲ ಬೇರೆ, ದೊಡ್ಡ ಸ್ಪರ್ಧೆಯಲ್ಲಿ ಒಟ್ಟಿಗೆ ಬಿಟ್ಟರೆ ಹೆಣ್ಣುಮಕ್ಕಳ ಪದಕವೂ ಹೋಗುತ್ತದೆ, ಕೆಲವೊಮ್ಮೆ ಮೂಳೆಯೂ ಹೋಗುತ್ತದೆ. "ಪದಕಕ್ಕೆ ಬೇರೆ ಬೇರೆ ಇರ್ಲಿ, ಕಲೂಕೆ ಒಟ್ಟಿಗೆ ಇರ್ಲಿ" ಎನ್ನುತ್ತಾರೆ ಅವರು. ವಿನುತಾಳೂ ಗಂಡುಮಕ್ಕಳನ್ನು ಸೋಲಿಸಿ ಹೆಸರು ಮಾಡಲು ಹೊರಟವಳಲ್ಲ. ತನ್ನಂಥ ಹುಡುಗಿಯನ್ನು ಎದುರಿಸಲು ಕಲಿಯಬೇಕು, ಕಲಿಯಲು ಇಲ್ಲಿ ಇರುವವರು ಹುಡುಗರು. ಊರಿನಲ್ಲಿ ಹತ್ತು ಹುಡುಗಿಯರು ಕುಸ್ತಿಗೆ ಇಳಿದ ದಿನ ನೀವು ನಿಮ್ಮ ಆದೇಶವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ನಾನೇ ಮೊಳೆ ಹೊಡೆಯುತ್ತೇನೆ. ಆ ಹತ್ತು ಹುಡುಗಿಯರನ್ನು ತಯಾರು ಮಾಡುವ ಬದಲು ಇದ್ದ ಒಬ್ಬಳನ್ನು ಮರಳಿನ ಚೀಲದ ಜೊತೆ ಬಿಟ್ಟದ್ದು ಯಾವ ರಕ್ಷಣೆ?

ಹತ್ತೊಂಬತ್ತು ದಿನದಿಂದ ಅವಳ ಜೊತೆ ಆಡುತ್ತಿರುವವನು ನಾನು. ಯುವಕ ಮಂಡಳಿಯ ಹುಡುಗರಿಗೆ ಮಾನ್ಯತೆ ಹೋಗುವ ಹೆದರಿಕೆ. ನಾನು ಮಂಡಳಿಯ ಸದಸ್ಯನಲ್ಲ, ಕಳೆದುಕೊಳ್ಳುವ ಮಾನ್ಯತೆ ನನಗೆ ಯಾವುದೂ ಇಲ್ಲ. ದಿನಕ್ಕೆ ಸುಮಾರು ಮೂವತ್ತು ಸಲ ಬೀಳುತ್ತೇನೆ. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಮೊನ್ನೆ ವಿನುತಾ ನನ್ನನ್ನು ಕೈಹಿಡಿದು ಎಬ್ಬಿಸಿ, ಮೈಯ ಹುಲ್ಲು ಕೊಡವಿ, ಬೇಸರ ಮಾಡಬೇಡಿ ಎಂದು ಮೊದಲೇ ಕೇಳಿಕೊಂಡು ಹೇಳಿದಳು:

"ಮಾವ, ನೀವು ಬೀಳೂಕೇ ಬತ್ರಿ. ನಂಗೆ ಬೀಳೂಕೆ ಒಪ್ದೇ ಇದ್ದವ್ರು ಬೇಕು."

ಅವಳು ಹೇಳಿದ್ದು ಸರಿ. ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ, ಗುರುವಿನ ಹಾಜರಿಯಲ್ಲಿ ಒಂದೇ ತೂಕದ ಹುಡುಗ ಹುಡುಗಿಯರು ಒಟ್ಟಿಗೆ ಅಭ್ಯಾಸ ಮಾಡಲು ಈ ವಾರದೊಳಗೆ ಅನುಮತಿ ಕೊಡಿ. ಅಂದು ಅವಳಿಗೆ ಸೋತ ನರೇಶ ಸಿದ್ಧನಿದ್ದಾನೆ, ಅವನ ತಂದೆಯ ಸಹಿಯೂ ಮಾಲತಿಯವರ ಸಹಿಯೂ ಇದರ ಜೊತೆಗಿವೆ. ಇದನ್ನೂ ಪರಿಶೀಲನೆಯಲ್ಲಿ ಇಡುವಿರಾದರೆ ದಯವಿಟ್ಟು ಒಂದು ಸಂಜೆ ಖುದ್ದಾಗಿ ಬಂದು, ಹುಲ್ಲಿನ ಮೇಲೆ ಅವಳ ಎದುರು ನಿಂತು ಪರಿಶೀಲಿಸಿ.

ಇಂತಿ, ನಿಮ್ಮ ಆದೇಶವನ್ನು ದಿನಾ ಸಂಜೆ ಐದೂವರೆಗೆ ಉಲ್ಲಂಘಿಸುತ್ತಿರುವ, ಆದರೆ ಅದಕ್ಕೂ ಸಾಲದವನಾದ,
ದುರ್ಗಪ್ಪ, ಹೆಬಳೆ
(ಎಡ ಮೊಣಕಾಲು ಬಾತಿರುವುದರಿಂದ ಖುದ್ದಾಗಿ ಬಂದು ಸಲ್ಲಿಸಲಾಗಲಿಲ್ಲ)