ಬೆಳ್ಳಟ್ಟಿ ವಾಡೆಯ ಹದಿನೇಳು ಮೆಟ್ಟಿಲು

ಬೆಟಗೇರಿ
೧೨ ನವೆಂಬರ್ ೨೦೨೪

ಗೆಳೆಯ ಅಬ್ದುಲಗನಿಗೆ,

ಬೆಟಗೇರಿಯಿಂದ ನಿಜಲಿಂಗಪ್ಪನ ಸಲಾಮು. ನಾನು, ಸುಮಿತ್ರಾ ಇಬ್ಬರೂ ಹುಷಾರಾಗಿದ್ದೇವೆ. ನನ್ನ ಮೊಣಕಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡ, ಅದು ಈಗ ನನ್ನ ಮಾತು ಕೇಳುವುದಿಲ್ಲ. ಶ್ರಾವಣದಲ್ಲಿ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ತಪ್ಪಾಯಿತು. ಮುಂಡರಗಿಯಲ್ಲಿ ಹೊಲಿಗೆ ಮಷೀನಿನ ಮುಂದೆ ಕುಳಿತು ನೀನು ಎಷ್ಟು ಬೈದಿರುತ್ತೀ ಅಂತ ಗೊತ್ತು. ಎರಡು ಸಲ ಫೋನ್ ಮಾಡಿದಾಗಲೂ 'ಮಳಿ ಐತಿ, ದಾರಿ ಚಲೋ ಇಲ್ಲ' ಅಂತ ಜಾರಿಕೊಂಡೆ.

ನೀನು ಕೇಳಿದ್ದು ಒಂದೇ ಮಾತು. ನಾವು ಏಳನೇ ಇಯತ್ತೆ ಕಲಿತ ಬೆಳ್ಳಟ್ಟಿಯ ವಾಡೆಯನ್ನು ರಿಪೇರಿ ಮಾಡಿ ನೋಡುವವರಿಗೆ ತೆರೆದಿದ್ದಾರಂತೆ, ನಮ್ಮ ವರ್ಗದ ಫೋಟೋ ಅಲ್ಲಿ ತೂಗುಹಾಕಿದ್ದಾರಂತೆ. ನಿನ್ನ ಗಾಲಿ ಕುರ್ಚಿ ಒಳಗೆ ಹೋಗುತ್ತದೋ ಇಲ್ಲವೋ ನೋಡಿಕೊಂಡು ಬಾ ಅಂದಿದ್ದೀ. 'ಸಾಯೂದರಾಗ ಒಮ್ಮೆ ಆ ಫೋಟೋ ನೋಡಬೇಕಲೇ. ನನ್ನ ಬಿಟ್ಟು ಸಂಶಿ ಮಾಸ್ತರ ಎಷ್ಟು ಠೀವೀಲೆ ಕುಂತಾನ ನೋಡತೀನಿ' ಅಂತ ಬರೆದಿದ್ದೀ. ಫೋಟೋ ತೆಗೆದ ದಿನ ಕಾಲಿಲ್ಲದ ಹುಡುಗನನ್ನು ಮಹಡಿಗೆ ಹೊತ್ತು ತರುವುದು ಬೇಡ ಅಂದರು ಮಾಸ್ತರು, ಅದೇ ನಿನ್ನ ಸಿಟ್ಟು. ಐವತ್ತಾರು ವರ್ಷವಾದರೂ ಅದು ಇಳಿದಿಲ್ಲ.

ಮೊನ್ನೆ ರವಿವಾರ ಹೋಗಿ ಬಂದೆವು. ಬಾಗಿಲ ಮುಂದಿನ ಐದು ಕಲ್ಲು ಮೆಟ್ಟಿಲ ಪಕ್ಕ ಈಗ ಇಳಿಜಾರು ಕಟ್ಟಿದ್ದಾರೆ, ನಿನ್ನ ಮಗ ಅಯ್ಯೂಬ ಹಿಂದಿನಿಂದ ನೂಕಿದರೆ ಸಾಕು. ಹೊಸ್ತಿಲು ಮಾತ್ರ ಅದೇ, ಒಂದೂವರೆ ಗೇಣು ಎತ್ತರ. ಅದನ್ನು ಕೊಯ್ದುಬಿಡೋಣ ಅಂತ ಯಾರೋ ಹೇಳಿದರಂತೆ. ಊರ ಹೆಣ್ಣುಮಕ್ಕಳು ಬಿಡಲಿಲ್ಲ. ಅರಿಷಿಣ ಕುಂಕುಮ ಹಚ್ಚುವ ಹೊಸ್ತಿಲಿಗೆ ಗರಗಸ ಹಾಕುವುದುಂಟೆ? ಅದನ್ನು ಕಾಲಿನಿಂದ ತುಳಿಯುವಂತಿಲ್ಲ, ಗಾಲಿಯೂ ಅದರ ಮೇಲೆ ಹಾಯುವಂತಿಲ್ಲ. ಕೊನೆಗೆ ಬಡಿಗೇರ ಬಂದು, ಹೊಸ್ತಿಲಿಗೆ ಎಲ್ಲಿಯೂ ತಾಗದ ಹಾಗೆ ಹತ್ತಿ ಇಳಿಯುವ ಹಲಗೆಯ ಸೇತುವೆ ಮಾಡಿಕೊಟ್ಟಿದ್ದಾನೆ. ಬೇಕಾದಾಗ ಇಡುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯುತ್ತಾರೆ.

ವಾಡೆ ತೋರಿಸಲು ವನಿತಾ ಅಂತ ಒಬ್ಬ ಹುಡುಗಿ ಇದ್ದಾಳೆ, ಅಡರಕಟ್ಟಿಯವಳು. ನಿನ್ನ ವಿಷಯ ಹೇಳಿದೆ. "ಅವರ ಕುರ್ಚಿ ಎಷ್ಟು ಅಗಲ ಐತ್ರಿ ಅಜ್ಜಾರ?" ಅಂದಳು. ನಾನು ಅಳತೆ ನೋಡಿಯೇ ಇಲ್ಲ ಅಂದೆ. "ಅಳತಿ ತಿಳಸ್ರಿ. ಬರೂ ದಿನ ಮೊದಲ ಹೇಳಿದ್ರ ಹಲಿಗಿ ಹಾಕಿ ಇಟ್ಟಿರ್ತೀನಿ" ಅಂದಳು. ಹಿತ್ತಲಲ್ಲಿ ಹಿಡಿಕೆ ಇರುವ ಪಾಯಖಾನೆಯೂ ಇದೆ. ನಾನೇ ಕುಳಿತು ಎದ್ದು ನೋಡಿದೆ, ಗಟ್ಟಿಯಾಗಿದೆ.

ಮಹಡಿಯ ಮೆಟ್ಟಿಲು ಹಾಗೇ ಇವೆ. ಹದಿನೇಳು. ಅದೇ ಕತ್ತಲೆ, ಹಿಡಿಯಲು ಅದೇ ತರಹದ ಹಗ್ಗ. ವರ್ಷವಿಡೀ ನಿನ್ನನ್ನು ಬೆನ್ನ ಮೇಲೆ ಹೊತ್ತು ಮೇಲಿನ ವರ್ಗಕ್ಕೆ ಹತ್ತಿದೆನಲ್ಲ! ನೀನು ನನ್ನ ಕಿವಿ ಹಿಡಿದು 'ನಡಿ ಲೇ ಎತ್ತ' ಅನ್ನುತ್ತಿದ್ದೆ. ನಡುವೆ ನಾನು ಏದುಸಿರು ಬಿಟ್ಟರೆ ನೀನು ಹದಿನೇಳರ ಮಗ್ಗಿ ಶುರು ಮಾಡುತ್ತಿದ್ದೆ. ಆ ಮಗ್ಗಿ ನನಗೆ ಇವತ್ತಿಗೂ ತಪ್ಪದೆ ಬರುತ್ತದೆ, ಹದಿನೆಂಟರದು ಬರುವುದಿಲ್ಲ. ರಂಜಾನಿನಲ್ಲಿ ನಿಮ್ಮ ಅವ್ವ ಲಾಲಬಿ ಶಾವಿಗೆಯ ಸುರಕುಂಬಾ ಕೊಡುವಾಗ ನನ್ನ ಬಟ್ಟಲೇ ದೊಡ್ಡದು. "ಹೊರಾವ ಉಣ್ಣಬೇಕು, ಕುಂಡ್ರಾವಗ ಏನ್ ಹಸಿವಿ" ಅಂತ ನಿನ್ನನ್ನು ಕಾಡಿಸುತ್ತಿದ್ದಳು. ಅಂಥ ರುಚಿ ಮತ್ತೆಲ್ಲಿಯೂ ಸಿಗಲಿಲ್ಲ.

ಮೊನ್ನೆ ನಾನು ಮೂರೇ ಮೆಟ್ಟಿಲು ಹತ್ತಿ ನಿಂತುಬಿಟ್ಟೆ, ಮೊಣಕಾಲು ಮಡಚಲಿಲ್ಲ. "ಸಾಕ್ ಇಳೀರಿ, ನಿಮ್ಮನ್ನ ಹೊರಾಕ ನನ್ನ ಕೈಲೆ ಆಗೂದಿಲ್ಲ" ಅಂತ ನಕ್ಕು ಸುಮಿತ್ರಾ ತಾನು ಮೇಲೆ ಹೋದಳು. ನಾನು ಕೆಳಗೆ ಕಟ್ಟೆಯ ಮೇಲೆ ಕುಳಿತೆ. ಮೇಲೆ ನಡೆದಾಡುವ ಸಪ್ಪಳ ಕೇಳುತ್ತದೆ, ನಗು ಕೇಳುತ್ತದೆ, ಯಾಕೆ ನಕ್ಕರು ಅನ್ನುವುದು ತಿಳಿಯುವುದಿಲ್ಲ. ಅಲ್ಲಿ ಒಬ್ಬನೇ ಕುಳಿತರೆ ಹೇಗಿರುತ್ತದೆ ಅಂತ ಈ ವಯಸ್ಸಿನಲ್ಲಿ ಗೊತ್ತಾಯಿತು, ಗನಿ.

ವನಿತಾ ಫೋಟೋವನ್ನೇ ಗೋಡೆಯಿಂದ ಬಿಚ್ಚಿ ಕೆಳಗೆ ತಂದಳು. "ಹತ್ತಲಾರದವ್ರಿಗೆ ಹಿಂಗ ತೋರಸ್ತೀವ್ರಿ, ತೊಡಿ ಮ್ಯಾಲ ಇಟಗೊಂಡು ನೋಡ್ರಿ" ಅಂದಳು. ಇಪ್ಪತ್ತೆರಡು ಹುಡುಗರು, ನಡುವೆ ರುಮಾಲು ಸುತ್ತಿದ ಮಾಸ್ತರು. ತುದಿಗೆ ನಾನು, ಅಣ್ಣನ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಹಿಂದೆ ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ ಎಲ್ಲರ ಹೆಸರು. ಓದುತ್ತ ಹೋದೆ, ಅರ್ಧ ಜನ ಈಗಿಲ್ಲ.

ಖರೆ ಹೇಳುತ್ತೇನೆ, ತಿರುಗಿ ಬರುವಾಗ ಬಸ್ಸಿನಲ್ಲಿ 'ಕುರ್ಚಿ ಒಳಗೆ ಹೋಗುವುದಿಲ್ಲ, ಬರಬೇಡ' ಅಂತ ಎರಡು ಸಾಲು ಗೀಚಿ ಕೈತೊಳೆದುಕೊಳ್ಳೋಣ ಅನ್ನಿಸಿತ್ತು. ಸುಮಿತ್ರಾಗೂ ಹೇಳಿದೆ. "ಹಲಿಗಿ ನಾನೂ ನೋಡೀನ್ರಿ. ಸುಳ್ಳ ಬರಿಯೂದಿದ್ರ ಅದರಾಗ ನನ್ನ ಹೆಸರು ಹಾಕಬ್ಯಾಡ್ರಿ" ಅಂದುಬಿಟ್ಟಳು.

ಆದ್ದರಿಂದ ಕೇಳು: ಕುರ್ಚಿ ಒಳಗೆ ಹೋಗುತ್ತದೆ. ನೀನು ದರ್ಜಿ, ಅಳತೆ ತೆಗೆಯುವುದನ್ನು ನಾನು ಹೇಳಿಕೊಡಬೇಕಿಲ್ಲ. ತಿಳಿಸು, ವನಿತಾಗೆ ಹೇಳುತ್ತೇನೆ. ನೀನು ಬೇಡ ಅನ್ನದಿದ್ದರೆ ನಾನೂ ಬರುತ್ತೇನೆ. ಅಯ್ಯೂಬನಿಗೂ ಸೊಸೆ ಕೌಸರಳಿಗೂ ನನ್ನ ಆಶೀರ್ವಾದ. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ನಿನಗೆ ನೂರು ವರ್ಷ ಇರಲಿ.

ನಿನ್ನ
ನಿಜಲಿಂಗಪ್ಪ

ತಾ.ಕ.: ಫೋಟೋದ ಹಿಂದೆ ಹೆಸರುಗಳ ಕೆಳಗೆ ಮಾಸ್ತರು ಇನ್ನೊಂದು ಸಾಲು ಬರೆದಿದ್ದಾರೆ. 'ಗೈರುಹಾಜರು: ಅಬ್ದುಲಗನಿ, ಜ್ವರ.' ನೀನು ಅದನ್ನು ಓದುವ ಮೊದಲು ನಾನೇ ಹೇಳಬೇಕು, ಫೋನಿನಲ್ಲಿ ಬಾಯಿ ಬರಲಿಲ್ಲ. ನಿನಗೆ ಜ್ವರ ಇರಲಿಲ್ಲ. ನಿನ್ನನ್ನು ಹೊತ್ತರೆ ಅಂಗಿ ಮುದ್ದೆಯಾಗುತ್ತದೆ ಅಂತ, 'ಫೋಟೋ ಕೆಳಗ ತಗೀತಾರ, ಇಲ್ಲೇ ಕುಂಡ್ರು' ಎಂದು ಕಟ್ಟೆಯ ಮೇಲೆ ಕೂಡಿಸಿ ಹೋದವನು ನಾನು. ಮೇಲೆ ಮಾಸ್ತರು "ಗನಿ ಎಲ್ಲಿ? ಹೊತಗೊಂಡು ಬಾರೋ, ಅವ ಬರೂತನಾ ಫೋಟೋ ಇಲ್ಲ" ಅಂದರು. "ಜ್ವರ ಬಂದಾವ್ರಿ ಸರ್, ಮನ್ಯಾಗ ಮಲಗ್ಯಾನ" ಅಂದೆ. ಇಳಿದು ಬಂದು ನಿನಗೆ "ಮಾಸ್ತರ ಬ್ಯಾಡ ಅಂದ್ರು" ಅಂದೆ. ಅವರು ಇಳಿಯುವ ಮೊದಲೇ ನಿನ್ನನ್ನು ಹೊತ್ತು ಮನೆ ಮುಟ್ಟಿಸಿದೆ. ಅದು ಶಾಲೆಯ ಕೊನೆಯ ದಿನ, ಮತ್ತೆ ಯಾರೂ ಕೇಳಲಿಲ್ಲ.

ಮಾಸ್ತರು ತೀರಿದಾಗ ನಿನ್ನನ್ನು ಕರೆದುಕೊಂಡು ಹೋಗಲು ಮುಂಡರಗಿಗೆ ಬಂದಿದ್ದೆ. "ನನ್ನ ಬ್ಯಾಡ ಅಂದಾವ್ರ ಮಣ್ಣಿಗೆ ನಾ ಯಾಕ ಬರ್ಲಿ?" ಅಂದೆ ನೀನು. ನಾನು ನಿನ್ನ ಮನೆಯ ಚಹಾ ಕುಡಿದು, ಒಬ್ಬನೇ ಹೋಗಿ ಅವರಿಗೆ ಮಣ್ಣು ಹಾಕಿ ಬಂದೆ.