ಚುಕ್ಕಾಣಿಯಿಲ್ಲದ ಚುಕ್ಕಾಣಿಗಾರ

ನನ್ನ ಮೊಂಡ ಮೊಮ್ಮಗ ರೈಟಿಸ್,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ನಗಬೇಡ. ಹಸು ಕಾಯಲು ಹೋದವಳಿಗೆ ಸಿಕ್ಕಿದ್ದೇ ಅಷ್ಟು ಶಾಲೆ.

ಮಣಿಕಟ್ಟು ಮುರಿದುಕೊಂಡು ನಿನ್ನಣ್ಣ ಮೋದ್ರಿಸ್ ಮೂರು ಚಕ್ರದ ಸೈಡ್‌ಕಾರ್ ಬೈಕಿನ ರೇಸು ಬಿಟ್ಟ. ಇನ್ನು ಹ್ಯಾಂಡಲ್ ಹಿಡಿಯಬೇಕಾದವನು ನೀನು. ನೀನೋ, ಗಾಡಿಯನ್ನೇ ಮಾರಲು ಹೊರಟಿದ್ದೀಯ. ಈಸ್ಟರ್ ದಿನ ನನ್ನ ಅಡುಗೆಮನೆಯಲ್ಲಿ ಕೂತು, "ಅಜ್ಜಿ, ಬೈಕಿನ ಪಕ್ಕದ ಹಲಗೆ ಮೇಲೆ ನೇತಾಡೋನು ನಾನು. ಅಣ್ಣ ಇಲ್ದಿದ್ರೆ ಆಲೂಗಡ್ಡೆ ಮೂಟೆ ಅಷ್ಟೆ" ಅಂದೆ. ನನ್ನ ಬಾಯಲ್ಲಿ ರೊಟ್ಟಿ ಇತ್ತು, ಬೈಗುಳದಿಂದ ನೀನು ಬದುಕಿಕೊಂಡೆ.

ಮೂಟೆಯಂತೆ! ಹಾಲೆಂಡಿನ ಕೆಸರು, ಜರ್ಮನಿಯ ಕೆಸರು ಎಲ್ಲವನ್ನೂ ನನ್ನ ಬಚ್ಚಲಲ್ಲೇ ತೊಳೆದಿದ್ದೀಯ. ಮೂಟೆಗೆ ಅಷ್ಟು ದೇಶ ಯಾರು ತೋರಿಸುತ್ತಾರೆ?

ನಮ್ಮಲ್ಲಿ ಓಡಿಸುವವನು ಪೈಲಟ್, ಪಕ್ಕದಲ್ಲಿ ನೇತಾಡುವವನು ಚುಕ್ಕಾಣಿಗಾರ. ಹಿಂದೆ ಇದನ್ನು ಕೇಳಿ ನಿನ್ನಜ್ಜನಿಗೆ, "ಹಿಡಿಯೋಕೆ ಏನೂ ಇಲ್ಲ, ಹೆಸರು ಮಾತ್ರ ದೊಡ್ಡದು. ಥೇಟ್ ನಿಮ್ಮ ಯಜಮಾನಿಕೆ" ಅಂದಿದ್ದೆ.

ಹೋದ ಬೇಸಿಗೆ ಸ್ಟೆಲ್ಪೆ ಗುಡ್ಡದ ರೇಸಿನಲ್ಲಿ ಆ ಹೆಸರಿನ ಅರ್ಥ ತಿಳಿಯಿತು. ಕೆಸರಿನ ತಿರುವಿನಲ್ಲಿ ಮೋದ್ರಿಸನ ಕೈ ಜಾರಿತು. ಗಾಡಿ ಜನರತ್ತ ಹೊರಳಿತು. ನೀನು ಅವನ ಬೆನ್ನ ಹಿಂದಿನಿಂದ ಆಚೆ ಬದಿಗೆ ಜಿಗಿದು, ಇಡೀ ಮೈಭಾರ ಬಿಟ್ಟು, ಅದನ್ನು ದಾರಿಗೆ ಎಳೆದೆ. ನನ್ನ ಪಕ್ಕ ನಿಂತು ನೋಡುತ್ತಿದ್ದ ಮುದುಕ, "ಅಬ್ಬಾ, ಸೊಂಟದಲ್ಲೇ ಓಡಿಸ್ತಾನಲ್ರೀ ಈ ಹುಡುಗ!" ಎಂದು ಕೂಗಿದ. "ನಮ್ಮನೆಯವನು ಕಣಯ್ಯ, ಕಣ್ಣು ಹಾಕ್ಬೇಡ" ಅಂದೆ.

ಹ್ಯಾಂಡಲ್ ಹಿಡಿಯುವುದನ್ನು ಯಾರಾದರೂ ಕಲಿಸಿಯಾರು. ಗಾಡಿ ಯಾವ ಕಡೆ ಬೀಳುತ್ತದೆಂದು ಬೆನ್ನಿಗೆ ತಿಳಿಯುವುದನ್ನು ಕಲಿಸಲಾಗದು. ನಿನ್ನ ಭಯ ಬೇರೆಯದೇ ಎಂದು ನನಗೆ ಗೊತ್ತು ಮಗು: ಅಣ್ಣನನ್ನು ನೀನು ಉಳಿಸಿದ ಹಾಗೆ ನಿನ್ನನ್ನು ಉಳಿಸುವವರು ಯಾರು?

ಪಕ್ಕದ ಹಾಲಿನ ಮನೆಯ ಉಂದೀನೆಯನ್ನು ನಿನ್ನ ಚುಕ್ಕಾಣಿ ಕೆಲಸಕ್ಕೆ ಕೇಳಿದೆ. ತುಂಟ ಕರುಗಳ ಜೊತೆ ಬೆಳೆದವಳು, ಕಾಲು ಚುರುಕು. "ನೇತಾಡ್ತೀನಿ ಅಜ್ಜಿ, ಆದ್ರೆ ಅವನು ಬೈಬಾರ್ದು" ಅಂದಳು. "ಬೈದ್ರೆ ನೀನೂ ಬೈಯೇ, ಬರದಿದ್ರೆ ನಾನು ಕಲಿಸ್ತೀನಿ" ಅಂದೆ.

ಗಾಡಿ ಕೊಳ್ಳಲು ರೀಗಾದವನೊಬ್ಬ ನಿನ್ನೆ ಬಂದಿದ್ದ. ಗಾಡಿಯ ಬದಲು ಮೊಟ್ಟೆ ಕೊಟ್ಟು ಕಳಿಸಿದೆ. ಕೋಪ ಬಂದರೆ ಬಂದು ಜಗಳವಾಡು, ಅದಕ್ಕಾದರೂ ಬಂದಂತಾಗುತ್ತದೆ.

ಶನಿವಾರ ಹಳೆಯ ಜಲ್ಲಿಗುಂಡಿಯಲ್ಲಿ ಅವಳು ಹೆಲ್ಮೆಟ್ ಹಾಕಿಕೊಂಡು ಕಾಯುತ್ತಾಳೆ. ನೀನು ಬಾರದಿದ್ದರೆ ಹ್ಯಾಂಡಲ್ ಹಿಡಿಯುವವಳು ನಾನೇ. ಆಮೇಲೆ ಊರಿನವರು ನಿನ್ನನ್ನು ಏನಂದರೂ ನನ್ನನ್ನು ಕೇಳಬೇಡ.

ನಿನ್ನ ಮೂರೂ ಚಕ್ರ ನೆಲದ ಮೇಲಿರಲಿ. ಒಂದು ಎದ್ದರೆ, ಅವಳಿದ್ದಾಳೆ.

ಬೈದುಕೊಂಡೇ ಹರಸುವ ನಿನ್ನಜ್ಜಿ,
ವೆಲ್ತಾ